ಗೀಸರ್‌ಗೂ ಬೇಕು ನೀರು ತುಂಬುವ ಹಬ್ಬ

ತಿಪಟೂರು ಕಡೆಯ ನಮ್ಮ ಅಜ್ಜಿಮನೆಯಲ್ಲಿ ದೀಪಾವಳಿ ಶುರುವಾಗುತ್ತಿದ್ದುದು ಬಚ್ಚಲುಮನೆಯಿಂದ. ನರಕ ಚತುರ್ದಶಿಯ ಹಿಂದಿನ ದಿನ, ಅಂದರೆ ನೀರು ತುಂಬುವ ಹಬ್ಬದ ದಿನ, ಮಧ್ಯಾಹ್ನದ ಊಟ ಮುಗಿದದ್ದೇ ತಡ ಅಜ್ಜಿ ಸೆರಗು ಸಿಕ್ಕಿಸಿ ಮಾವನನ್ನು ಕೂಗುತ್ತಿದ್ದಳು. ಒಲೆಯ ಮೇಲಿನ ತಾಮ್ರದ ಹಂಡೆ ಅವತ್ತು ಕೆಳಗಿಳಿಯಬೇಕು. ಹೊರಗಿನ ಮಸಿಗೆ ಬೂದಿ ಮತ್ತು ತೆಂಗಿನ ನಾರು, ತಾಮ್ರದ ಕಿಲುಬಿಗೆ ಹುಣಸೆಹಣ್ಣು. ಒಳಗಿನ ಕೆಲಸ ಮಕ್ಕಳದು, ಏಕೆಂದರೆ ಹಂಡೆಯ ಬಾಯೊಳಗೆ ಭುಜದವರೆಗೆ ತೂರುತ್ತಿದ್ದುದು ನಮ್ಮ ಕೈ ಮಾತ್ರ. ಕರಟದ ಚೂರು ಹಿಡಿದು ತಳ ಕೆರೆದರೆ ಬಿಳಿ ಹೆಕ್ಕಳೆಗಳು ಏಳುತ್ತಿದ್ದವು. ವರ್ಷವಿಡೀ ಬಾವಿನೀರು ಕಾದು ಕಾದು ಬಿಟ್ಟುಹೋದ ಸುಣ್ಣ ಅದು. ಆಮೇಲೆ ಹಂಡೆಯ ಹೊಟ್ಟೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ, ಕುತ್ತಿಗೆಗೆ ಬೇಲಿಯಿಂದ ಕಿತ್ತು ತಂದ ಹಾಗಲ ಬಳ್ಳಿ, ಸಂಜೆಗೆ ಹೊಸ ನೀರು.

ಇದನ್ನು ನಾವು ಹಬ್ಬ ಅಂದುಕೊಂಡಿದ್ದೆವು. ಈಗ ಯೋಚಿಸಿದರೆ ಅದು ಮನೆಯ ಅತಿ ಹೆಚ್ಚು ದುಡಿಯುವ ಪಾತ್ರೆಗೆ ವರ್ಷಕ್ಕೊಮ್ಮೆ ತಪ್ಪದೆ ಆಗುತ್ತಿದ್ದ ಸರ್ವೀಸು. ಪಂಚಾಂಗದಲ್ಲೇ ತಾರೀಕು ನಿಗದಿಯಾಗಿದ್ದರಿಂದ ಯಾರೂ ಮರೆಯುವಂತಿರಲಿಲ್ಲ. ಹಂಡೆ ಹೋಯಿತು, ಅದರ ಜಾಗಕ್ಕೆ ಗೀಸರ್ ಬಂತು. ಹಂಡೆ ಕಾಯಿಸುತ್ತಿದ್ದ ನೀರನ್ನೇ ಇದೂ ಕಾಯಿಸುತ್ತದೆ, ಅದೇ ಸುಣ್ಣ ಇದರೊಳಗೂ ಕಟ್ಟುತ್ತದೆ. ಆದರೆ ಇದು ಸೂರಿಗೆ ಹತ್ತಿಕೊಂಡಂತೆ ಮೇಲೆ ನೇತಾಡುತ್ತದೆ, ಮುಚ್ಚಿದ ಡಬ್ಬ, ಮಸಿಯಿಲ್ಲ, ಹೊಗೆಯಿಲ್ಲ. ಕಣ್ಣಿಗೆ ಬೀಳದ್ದಕ್ಕೆ ಹಬ್ಬ ಯಾರು ಮಾಡುತ್ತಾರೆ?

ಒಂಬತ್ತು ವರ್ಷ ತೆರೆಯದ ಡಬ್ಬ

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಬೆಂಗಳೂರಿನ ನಮ್ಮ ಮನೆಯಲ್ಲಿ ಗೀಸರ್ ಸ್ವಿಚ್ ಒತ್ತಿದ ಕೂಡಲೇ ಇಡೀ ಮನೆಯ ಕರೆಂಟು ಹೋಯಿತು. ಮೀಟರ್ ಬೋರ್ಡಿನಲ್ಲಿದ್ದ, ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಇಎಲ್‌ಸಿಬಿ ಬಿದ್ದಿತ್ತು. ಎತ್ತಿದೆ, ಮತ್ತೆ ಸ್ವಿಚ್ ಒತ್ತಿದೆ, ಮತ್ತೆ ಬಿತ್ತು. ಮನೆಯವರೆಲ್ಲ ತಣ್ಣೀರಲ್ಲೇ ಸ್ನಾನ ಮುಗಿಸಿ, ಸಂಜೆ ಗೀಸರ್ ರಿಪೇರಿಯವರನ್ನು ಕರೆಸಿದೆವು.

ಅವರು ಮೊದಲು ಕೇಳಿದ್ದು, “ಸಾರ್, ಇದನ್ನ ಲಾಸ್ಟ್ ಯಾವಾಗ ಬಿಚ್ಚಿಸಿದ್ರಿ?”

“ಬಿಚ್ಚಿಸೇ ಇಲ್ಲ. ಒಂಬತ್ತು ವರ್ಷದಿಂದ ಚೆನ್ನಾಗೇ ನಡೀತಿತ್ತು.”

ಅವರು ನಕ್ಕರು. ಕರೆಂಟು ತೆಗೆದು, ನೀರಿನ ವಾಲ್ವ್ ಮುಚ್ಚಿ, ತಳದ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಬಕೆಟ್ ಹಿಡಿಯಲು ನನಗೆ ಹೇಳಿದರು. ಬೋಲ್ಟುಗಳು ಸಡಿಲವಾದಂತೆ ಮೊದಲು ಕಂದು ಬಣ್ಣದ ನೀರು ಇಳಿಯಿತು. ಆಮೇಲೆ ದಬದಬನೆ ಬಿದ್ದದ್ದು ನೀರಲ್ಲ, ಮೊಟ್ಟೆಯ ಓಡಿನಂಥ ಬಿಳಿ ಚೂರುಗಳು. ಅರ್ಧ ಬಕೆಟ್ ತುಂಬಿತು. ಎಲಿಮೆಂಟ್ ಹೊರಬಂದಾಗ ಅದು ಲೋಹದ ಸುರುಳಿಯಂತೆ ಕಾಣಲೇ ಇಲ್ಲ. ಸಮುದ್ರದ ತಳದಿಂದ ಎತ್ತಿದ ಹವಳದ ಕೊಂಬೆಯಂತಿತ್ತು. ಅದರ ಪಕ್ಕದಲ್ಲಿ ಸೈಕಲ್ ಚಕ್ರದ ಕಡ್ಡಿಯಂಥ ತುಕ್ಕುಹಿಡಿದ ತಂತಿಯೊಂದು ನೇತಾಡುತ್ತಿತ್ತು.

“ಇದೇನು?” ಎಂದೆ.

“ಇದೇ ಸಾರ್ ರಾಡು. ಹೊಸದರಲ್ಲಿ ನನ್ನ ಹೆಬ್ಬೆರಳಿನಷ್ಟು ದಪ್ಪ ಇತ್ತು. ಇದು ಯಾವತ್ತೋ ಮುಗಿದುಹೋಗಿದೆ. ಆಮೇಲಿಂದ ಟ್ಯಾಂಕೇ ಸವೀತಾ ಇದೆ.”

ಆ ಎರಡು ವಸ್ತುಗಳಲ್ಲಿ, ಸುಣ್ಣ ಕಟ್ಟಿದ ಎಲಿಮೆಂಟು ಮತ್ತು ಕರಗಿಹೋದ ರಾಡಿನಲ್ಲಿ, ಗೀಸರಿನ ಬಹುಪಾಲು ಜೀವನಚರಿತ್ರೆ ಇದೆ.

ಕಾಯಿಸಿದಷ್ಟೂ ಕಲ್ಲಾಗುವ ನೀರು

ಉಪ್ಪು, ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತವೆ. ಸುಣ್ಣದಂಶದ ಸ್ವಭಾವ ತದ್ವಿರುದ್ಧ. ನೆಲದೊಳಗಿನ ನೀರು ಕಲ್ಲಿನ ಸಂದುಗಳಲ್ಲಿ ಇಳಿಯುವಾಗ ಕ್ಯಾಲ್ಸಿಯಂ ಬೈಕಾರ್ಬೊನೇಟನ್ನು ಕರಗಿಸಿಕೊಂಡು ಬರುತ್ತದೆ. ಅದನ್ನು ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಉಳಿದ ಕ್ಯಾಲ್ಸಿಯಂ ಕಾರ್ಬೊನೇಟ್ ಅತಿ ಬಿಸಿಯಾದ ಜಾಗಕ್ಕೆ ಅಂಟಿಕೊಳ್ಳುತ್ತದೆ. ಗೀಸರಿನಲ್ಲಿ ಅತಿ ಬಿಸಿಯಾದ ಜಾಗ ಎಂದರೆ ಎಲಿಮೆಂಟಿನ ಮೈ.

ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಹಾಕಿರುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ. ಲೀಟರಿಗೆ 400 ಮಿಲಿಗ್ರಾಂ ಇರುವ ಬೋರ್‌ವೆಲ್ ನೀರು ದಿನಕ್ಕೆ 50 ಲೀಟರಿನಂತೆ ಗೀಸರಿನಲ್ಲಿ ಹಾದುಹೋಗುತ್ತದೆ ಎಂದು ಲೆಕ್ಕ ಹಾಕಿ. ವರ್ಷಕ್ಕೆ ಏಳು ಕಿಲೋಗೂ ಹೆಚ್ಚು ಸುಣ್ಣದಂಶ ಹಾದಂತಾಯಿತು. ಅದರಲ್ಲಿ ನೂರಕ್ಕೆ ಐದು ಭಾಗ ಒಳಗೇ ಉಳಿದರೂ ಒಂಬತ್ತು ವರ್ಷಕ್ಕೆ ಮೂರು ಕಿಲೋ ದಾಟುತ್ತದೆ. ನಮ್ಮ ಬಕೆಟ್ಟಿಗೆ ಬಿದ್ದದ್ದು ಇದೇ. ಕಾವೇರಿ ನೀರು ಮಾತ್ರ ಬಳಸುವ ಬೀದಿಯಲ್ಲಿ ಇಷ್ಟು ತೊಂದರೆಯಿಲ್ಲ. ಆದರೆ 2024ರ ಬೇಸಿಗೆಯಲ್ಲಿ ಟ್ಯಾಂಕರ್ ಹಿಂದೆ ಓಡಿದ ಬೆಂಗಳೂರಿಗರಿಗೆ ಗೊತ್ತು, ಟ್ಯಾಂಕರ್ ತರುವುದು ಯಾವುದೋ ಬೋರ್‌ವೆಲ್ಲಿನ ನೀರನ್ನೇ. ಕೋಲಾರ, ಚಿಕ್ಕಬಳ್ಳಾಪುರದಲ್ಲಾಗಲಿ, ವಿಜಯಪುರ, ಕಲಬುರಗಿಯಲ್ಲಾಗಲಿ ಸೋಪು ನೊರೆ ಬಾರದ ಸೌಳು ನೀರಿನ ಪರಿಚಯ ಹೊಸದೇನಲ್ಲ.

ಇಲ್ಲೊಂದು ತಪ್ಪು ನಂಬಿಕೆ ಇದೆ. ಎಲಿಮೆಂಟಿಗೆ ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ ದುಪ್ಪಟ್ಟಾಗುತ್ತದೆ ಎಂದು ಹೇಳುವವರಿದ್ದಾರೆ. ಕರೆಂಟಿನ ಗೀಸರಿನಲ್ಲಿ ಎಲಿಮೆಂಟ್ ನೀರಿನೊಳಗೇ ಮುಳುಗಿರುತ್ತದೆ. ಅದರಲ್ಲಿ ಹುಟ್ಟಿದ ಬಿಸಿ ಸುಣ್ಣವನ್ನು ದಾಟಿ ತಡವಾಗಿಯಾದರೂ ನೀರಿಗೇ ಸೇರಬೇಕು, ಹೋಗಲು ಬೇರೆ ದಾರಿಯಿಲ್ಲ. ಹಾಗಾಗಿ ಬಿಲ್ಲು ಅಷ್ಟೇನೂ ಏರುವುದಿಲ್ಲ. ಪೆಟ್ಟು ಬೀಳುವುದು ಎಲಿಮೆಂಟಿಗೆ. ಕಂಬಳಿ ಹೊದಿಸಿ ಬಿಸಿಲಲ್ಲಿ ನಿಲ್ಲಿಸಿದ ಹಾಗೆ, ಬಿಸಿ ಹೊರಹೋಗಲಾರದೆ ಅದು ಒಳಗೊಳಗೇ ಬೇಯುತ್ತದೆ. ಕೊನೆಗೆ ಹೊರಕವಚ ಬಿರಿಯುತ್ತದೆ, ಆ ಬಿರುಕಿನಿಂದ ನೀರು ಒಳಗಿನ ವಿದ್ಯುತ್ ನಿರೋಧಕ ಪುಡಿಯನ್ನು ನೆನೆಸುತ್ತದೆ, ಕರೆಂಟು ನೀರಿಗೆ ಸೋರುತ್ತದೆ. ನಮ್ಮನೆಯ ಇಎಲ್‌ಸಿಬಿ ಬಿದ್ದದ್ದು ಅದಕ್ಕೇ.

ಸುಣ್ಣದ ಇನ್ನೊಂದು ಕಿತಾಪತಿ ಥರ್ಮೋಸ್ಟ್ಯಾಟಿನ ಜೊತೆ. ಎಲಿಮೆಂಟನ್ನೂ ಥರ್ಮೋಸ್ಟ್ಯಾಟಿನ ಕೊಳವೆಯನ್ನೂ ಒಂದೇ ಹೆಂಟೆಯಾಗಿ ಕಟ್ಟಿಹಾಕಿದರೆ, ನೀರು ಕಾಯುವ ಮೊದಲೇ ಥರ್ಮೋಸ್ಟ್ಯಾಟ್ ಬಿಸಿಯಾಗಿ ಕರೆಂಟು ಕತ್ತರಿಸುತ್ತದೆ. ‘ದೀಪ ಆರುತ್ತೆ, ನೀರು ಮಾತ್ರ ಉಗುರುಬೆಚ್ಚಗೆ’ ಎಂಬ ದೂರಿಗೆ ಇದೊಂದು ಕಾರಣ. ಇನ್ನು ಗೀಸರಿನೊಳಗಿಂದ ಗೊರಗೊರ, ಟಪ್‌ಟಪ್ ಸದ್ದು ಬರುತ್ತಿದ್ದರೆ, ಸುಣ್ಣದ ಪದರದಡಿ ಸಿಕ್ಕಿಕೊಂಡ ನೀರು ಕುದಿದು ಆವಿಯಾಗಿ ಒಡೆಯುತ್ತಿದೆ ಎಂದರ್ಥ. ಗೀಸರ್ ನಮ್ಮನ್ನು ಕರೆಯುವ ಮೊದಲ ದನಿ ಅದು.

ತಾನು ಸವೆದು ಟ್ಯಾಂಕು ಉಳಿಸುವ ರಾಡು

ಗೀಸರಿನ ಬಗ್ಗೆ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಈ ರಾಡಿನ ವಿಷಯ ನೆನಪಿಟ್ಟುಕೊಳ್ಳಿ. ಕಂಪನಿಯ ಪುಸ್ತಕದಲ್ಲಿ ಇದರ ಹೆಸರು ಆನೋಡ್. ಸಾಮಾನ್ಯವಾಗಿ ಮೆಗ್ನೀಷಿಯಂನದು, ನಡುವೆ ಸಣ್ಣ ಉಕ್ಕಿನ ತಂತಿ.

ಬಹಳಷ್ಟು ಗೀಸರುಗಳ ಒಳಟ್ಯಾಂಕು ಉಕ್ಕಿನದು, ಅದರ ಒಳಮೈಗೆ ಗಾಜಿನ ಲೇಪ. ಆ ಲೇಪ ಎಷ್ಟೇ ಚೆನ್ನಾಗಿದ್ದರೂ ಕಣ್ಣಿಗೆ ಕಾಣದ ರಂಧ್ರ, ಬಿರುಕು ಇದ್ದೇ ಇರುತ್ತವೆ. ಅಲ್ಲಿ ಬಿಸಿನೀರು ಉಕ್ಕನ್ನು ಮುಟ್ಟಿದರೆ ತುಕ್ಕು ಶುರು. ಇದನ್ನು ತಪ್ಪಿಸಲು ಉಕ್ಕಿಗಿಂತ ಬೇಗ ಸವೆಯುವ ಲೋಹವನ್ನು ಅದೇ ನೀರಿನಲ್ಲಿ ಇಳಿಬಿಡುತ್ತಾರೆ. ಎರಡು ಲೋಹ, ನಡುವೆ ನೀರು ಇದ್ದರೆ ಅದೊಂದು ಬ್ಯಾಟರಿ. ಆ ಬ್ಯಾಟರಿಯಲ್ಲಿ ಮೆಗ್ನೀಷಿಯಂ ಕರಗುತ್ತದೆ, ಉಕ್ಕು ಉಳಿಯುತ್ತದೆ.

ಈ ಉಪಾಯ ಎರಡು ಶತಮಾನದಷ್ಟು ಹಳೆಯದು. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊಡೆದ ತಾಮ್ರದ ತಗಡು ಸಮುದ್ರದ ನೀರಿಗೆ ತಿಂದುಹೋಗುತ್ತಿತ್ತು. 1824ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿ, ಆ ತಾಮ್ರಕ್ಕೆ ಸತುವಿನ ಅಥವಾ ಕಬ್ಬಿಣದ ತುಂಡು ತಾಗಿಸಿದರೆ ತಾಮ್ರ ಉಳಿಯುತ್ತದೆ ಎಂದು ತೋರಿಸಿದ. ತಾಮ್ರ ಉಳಿಯಿತು ನಿಜ, ಆದರೆ ಕರಗುವ ತಾಮ್ರದ ವಿಷಕ್ಕೆ ಹೆದರಿ ದೂರವಿದ್ದ ಕಡಲಜೀವಿಗಳು ಈಗ ಹಡಗಿನ ತಳಕ್ಕೆ ಮೆತ್ತಿಕೊಂಡು ವೇಗ ಕುಗ್ಗಿತು. ಹಡಗಿಗೆ ಒಗ್ಗದ ವಿದ್ಯೆ ಮುಂದೆ ನೆಲದಡಿಯ ಪೈಪುಗಳಿಗೆ, ತೈಲದ ಟ್ಯಾಂಕುಗಳಿಗೆ, ನಮ್ಮ ಬಚ್ಚಲಿನ ಗೀಸರಿಗೆ ಒಗ್ಗಿತು.

ನೀರಿನಲ್ಲಿ ಲವಣ ಹೆಚ್ಚಿದ್ದಷ್ಟೂ ಅದು ವಿದ್ಯುತ್ತನ್ನು ಸಲೀಸಾಗಿ ಹರಿಯಗೊಡುತ್ತದೆ, ರಾಡು ಬೇಗ ಸವೆಯುತ್ತದೆ. ಬೋರ್‌ವೆಲ್ ನೀರಿನ ಮನೆಯಲ್ಲಿ ವರ್ಷಕ್ಕೊಮ್ಮೆ, ಒಳ್ಳೆಯ ನೀರಿದ್ದರೆ ಎರಡು ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ, ಅಥವಾ ಎಲ್ಲಾದರೂ ನಡುವಿನ ಉಕ್ಕಿನ ತಂತಿ ಕಂಡರೆ ಬದಲಾಯಿಸಬೇಕು. ರಾಡಿನ ಬೆಲೆ ಕೆಲವು ನೂರು ರೂಪಾಯಿ, ಟ್ಯಾಂಕಿನ ಬೆಲೆ ಹೊಸ ಗೀಸರಿನಷ್ಟೇ. ಸಾಫ್ಟ್‌ನರ್ ಹಾಕಿಸಿದ್ದೇವೆ, ಇನ್ನು ಚಿಂತೆಯಿಲ್ಲ ಎಂದುಕೊಂಡವರೂ ಗಮನಿಸಿ: ಸಾಫ್ಟ್‌ನರ್ ಸುಣ್ಣವನ್ನು ತಡೆಯುತ್ತದೆ, ಆದರೆ ಆ ನೀರಿನಲ್ಲಿ ರಾಡು ಇನ್ನೂ ಬೇಗ ಸವೆಯುತ್ತದೆ.

ಕರಾವಳಿಯವರ ಕಥೆ ಬೇರೆ. ಮುರಕಲ್ಲಿನ ನೆಲದ ಬಾವಿನೀರು ಮೃದು, ಸುಣ್ಣ ಕಟ್ಟುವುದಿಲ್ಲ. ಆದರೆ ಎಷ್ಟೋ ಕಡೆ ಅದರಲ್ಲಿ ಹುಳಿಯಂಶವಿರುತ್ತದೆ. ಅಂಥ ನೀರು ಲೋಹವನ್ನು ಸದ್ದಿಲ್ಲದೆ ತಿನ್ನುತ್ತದೆ. ಅಲ್ಲಿ ಎಲಿಮೆಂಟು ಹೊಳೆಯುತ್ತಿದೆಯೆಂದು ನಿಶ್ಚಿಂತೆಯಿಂದ ಇರುವಂತಿಲ್ಲ, ನೋಡಬೇಕಾದ್ದು ರಾಡನ್ನೇ.

ಬಿಸಿನೀರಿಗೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲೂ ರಾಡಿನ ಪಾತ್ರವಿದೆ. ನೀರಿನ ಸಲ್ಫೇಟನ್ನು ತಿನ್ನುವ ಒಂದು ಬಗೆಯ ಬ್ಯಾಕ್ಟೀರಿಯಾ ಮೆಗ್ನೀಷಿಯಂ ಇದ್ದಲ್ಲಿ ಹುರುಪಾಗಿ ಬೆಳೆದು ಈ ಗಂಧಕದ ವಾಸನೆ ಬಿಡುತ್ತದೆ. ಟ್ಯಾಂಕು ತೊಳೆಸಿ, ನೀರನ್ನೊಮ್ಮೆ ಚೆನ್ನಾಗಿ ಕಾಯಿಸಬೇಕು. ಆದರೂ ಹೋಗದಿದ್ದರೆ ಅಲ್ಯುಮಿನಿಯಂ–ಸತು ಬೆರಕೆಯ ರಾಡು ಹಾಕಿಸಬೇಕು.

ತೊಟ್ಟಿಕ್ಕಿದರೆ ಬೈಯಬೇಡಿ

ಗೀಸರಿಗೆ ತಣ್ಣೀರು ಬರುವ ಪೈಪಿನಲ್ಲಿ ಹೆಬ್ಬೆರಳ ಗಾತ್ರದ ಒಂದು ವಾಲ್ವ್ ಇರುತ್ತದೆ. ಗೀಸರ್ ಹಾಕಿದಾಗ ಅದರಿಂದ ಹನಿ ಹನಿ ನೀರು ಬೀಳುತ್ತದೆ. ಅದನ್ನು ಲೀಕು ಎಂದುಕೊಂಡು ಎಂ-ಸೀಲ್ ಮೆತ್ತಿದವರನ್ನು ನಾನೇ ನೋಡಿದ್ದೇನೆ. ಅದಕ್ಕಿಂತ ಅಪಾಯದ ರಿಪೇರಿ ಇನ್ನೊಂದಿಲ್ಲ.

ನೀರು ಕಾದರೆ ಹಿಗ್ಗುತ್ತದೆ. 25 ಡಿಗ್ರಿಯ 25 ಲೀಟರ್ ನೀರು 65 ಡಿಗ್ರಿಗೆ ಕಾಯುವಷ್ಟರಲ್ಲಿ ಸುಮಾರು 400 ಮಿಲಿಲೀಟರ್ ಹೆಚ್ಚಾಗುತ್ತದೆ, ಎರಡು ಲೋಟದಷ್ಟು. ನೀರು ಹಿಂದಕ್ಕೆ ಹೋಗದಂತೆ ತಡೆಯುವ ಕವಾಟ ಪೈಪಿನಲ್ಲಿದ್ದರೆ, ಈ ಎರಡು ಲೋಟಕ್ಕೆ ಜಾಗ ಎಲ್ಲಿ? ಅದನ್ನೇ ಈ ವಾಲ್ವ್ ಹನಿಹನಿಯಾಗಿ ಹೊರಬಿಡುವುದು. ಒಂದು ವೇಳೆ ಥರ್ಮೋಸ್ಟ್ಯಾಟೂ ಕೆಟ್ಟು, ಅದರ ಹಿಂದಿನ ಕಾವಲಾದ ಕಟೌಟೂ ಕೈಕೊಟ್ಟರೆ, ನೀರು ಕುದಿಯತೊಡಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸಾವಿರದ ಆರುನೂರು ಲೀಟರಿಗೂ ಹೆಚ್ಚು ಜಾಗ ಕೇಳುತ್ತದೆ. ಆಗ ಗೀಸರಿಗೂ ಬಾಂಬಿಗೂ ನಡುವೆ ಉಳಿಯುವುದು ಆ ಸಣ್ಣ ವಾಲ್ವ್ ಒಂದೇ. ಹನಿ ನೆಲಕ್ಕೆ ಬೀಳುವುದು ಕಿರಿಕಿರಿಯಾದರೆ ಅದರ ಮೂತಿಗೆ ಸಣ್ಣ ಪೈಪು ಸಿಕ್ಕಿಸಿ ಬಚ್ಚಲಿಗೆ ಬಿಡಿ, ಮೂತಿ ಮುಚ್ಚಬೇಡಿ. ಗೀಸರ್ ಆರಿಸಿರುವಾಗಲೂ ದಿನವಿಡೀ ಸುರಿಯುತ್ತಿದ್ದರೆ ಮಾತ್ರ ವಾಲ್ವ್ ಬದಲಾಯಿಸಬೇಕು, ಅಥವಾ ಮನೆಯ ಪ್ರೆಶರ್ ಪಂಪಿನ ಒತ್ತಡ ಪರೀಕ್ಷಿಸಬೇಕು.

ಕರೆಂಟು ಮತ್ತು ಕಾವು

2000 ವ್ಯಾಟಿನ ಗೀಸರ್ ಎಳೆಯುವ ಕರೆಂಟು ಸುಮಾರು 9 ಆಂಪಿಯರ್, 3000 ವ್ಯಾಟಿನದು 13. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ಗಿಗೆ ಇದನ್ನು ಕೊಡುವಂತಿಲ್ಲ. 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು, ಅದಕ್ಕೆ ಬೋರ್ಡಿನಿಂದ ಪ್ರತ್ಯೇಕ ವೈರು ಬೇಕು. ಪ್ಲಗ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಮುಟ್ಟಿದಾಗ ಕೈ ಸುಡುವಂತಿದ್ದರೆ, ಒಳಗೆ ಸ್ಕ್ರೂ ಸಡಿಲವಾಗಿದೆ.

ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ ಎಂಬ ಸಾಧನ 30 ಮಿಲಿಆಂಪಿಯರಿನಷ್ಟು ಸೋರಿಕೆಯಾದರೂ ಕ್ಷಣಾರ್ಧದಲ್ಲಿ ಕರೆಂಟು ಕತ್ತರಿಸುತ್ತದೆ. ಅದು ಪದೇಪದೇ ಬೀಳುತ್ತದೆ ಎಂದು ಬೈಪಾಸ್ ಮಾಡಿಸುವುದು ಬೊಗಳುವ ನಾಯಿಯ ಬಾಯಿ ಕಟ್ಟಿ ಮಲಗಿದಂತೆ. ಅದರ ಮೇಲಿನ ‘ಟೆಸ್ಟ್’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಅದು ಸತ್ತಿದೆ. ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ಗೀಸರ್ ಅಷ್ಟೇ ಅಲ್ಲ, ಮನೆಯ ಅರ್ಥಿಂಗನ್ನೂ ನೋಡಿಸಬೇಕು. ‘ಗೀಸರ್ ಆರಿಸಿ ಸ್ನಾನಕ್ಕೆ ಹೋಗು’ ಎಂಬ ಅಮ್ಮಂದಿರ ಮಾತು ಬಿಲ್ ಉಳಿಸಲು ಹುಟ್ಟಿದ್ದಾದರೂ, ಜೀವ ಉಳಿಸುವ ಮಾತೂ ಹೌದು.

ಕಾವು ಎಷ್ಟಿರಬೇಕು? 60 ಡಿಗ್ರಿಯ ಆಸುಪಾಸು ಸರಿ. 75ಕ್ಕೆ ತಿರುಗಿಸಿದರೆ ಸುಣ್ಣವೂ ಬೇಗ, ಮಕ್ಕಳ ಮೈ ಸುಡುವ ಅಪಾಯವೂ ಹೆಚ್ಚು. ಹಾಗೆಂದು 40ರಲ್ಲೇ ದಿನಗಟ್ಟಲೆ ಇಡುವುದೂ ಒಳ್ಳೆಯದಲ್ಲ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಮಾವೇಶವೊಂದರಲ್ಲಿ ಕಾಣಿಸಿಕೊಂಡ ನ್ಯುಮೋನಿಯಾದಿಂದ ಪತ್ತೆಯಾದ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಉಗುರುಬೆಚ್ಚಗಿನ ನಿಂತ ನೀರಿನಲ್ಲಿ ಬೆಳೆಯುತ್ತದೆ, 60 ಡಿಗ್ರಿಯಲ್ಲಿ ಸಾಯುತ್ತದೆ. ಊರಿಗೆ ಹೋಗಿ ಎರಡು ವಾರ ಬಿಟ್ಟು ಬಂದರೆ ಮೊದಲ ದಿನ ಪೂರ್ತಿ ಕಾಯಿಸಿಯೇ ಬಳಸಿ.

ಬಿಲ್ಲಿನ ಲೆಕ್ಕ ಸರಳ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸರಿಸುಮಾರು ಒಂದು ಯೂನಿಟ್ ಬೇಕು. 2000 ವ್ಯಾಟಿನ ಗೀಸರಿಗೆ ಅರ್ಧ ಗಂಟೆ. ಹಳ್ಳಿಗಳಲ್ಲಿ ವೋಲ್ಟೇಜ್ 200ಕ್ಕೆ ಇಳಿದರೆ ಅದೇ ಗೀಸರ್ 1500 ವ್ಯಾಟಿನಂತೆ ದುಡಿಯುತ್ತದೆ, ಮುಕ್ಕಾಲು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ. ಆಗ ತಪ್ಪು ಗೀಸರಿನದಲ್ಲ.

ಸೂರಿನ ಮೇಲಿನ ಸೋಲಾರ್, ಗೋಡೆಯ ಮೇಲಿನ ಗ್ಯಾಸ್

ಬೆಂಗಳೂರಿನ ತಾರಸಿಗಳ ಮೇಲೆ ಸಾಲಾಗಿ ಮಲಗಿರುವ ಸೋಲಾರ್ ಟ್ಯಾಂಕುಗಳಿಗೂ ಇದೇ ಕಥೆ. ಅವುಗಳೊಳಗೂ ರಾಡಿರುತ್ತದೆ, ಮೋಡದ ದಿನಕ್ಕೆಂದು ಎಲಿಮೆಂಟೂ ಇರುತ್ತದೆ. ಗಡಸು ನೀರಿನ ಮನೆಗೆ ಗಾಜಿನ ಕೊಳವೆಗಳ ಸೋಲಾರ್ ಮೇಲು. ಅದರಲ್ಲಿ ಸುಣ್ಣ ಕೊಳವೆಯ ತಳದಲ್ಲಿ ಕೂರುತ್ತದೆ, ತೆಗೆದು ತೊಳೆಯಬಹುದು. ತಾಮ್ರದ ಸಣ್ಣ ಪೈಪುಗಳ ಚಪ್ಪಟೆ ಪ್ಯಾನೆಲ್ಲಾದರೆ ಸುಣ್ಣ ಕಟ್ಟಿ ದಾರಿಯೇ ಮುಚ್ಚಿಹೋಗುತ್ತದೆ. ನೀರು ಸಾಕಷ್ಟು ಕಾಯುತ್ತಿಲ್ಲ ಅನಿಸಿದರೆ ಗಾಜಿನ ಕೊಳವೆಗಳ ತುದಿ ನೋಡಿ. ಅಲ್ಲಿ ಕನ್ನಡಿಯಂಥ ಬೆಳ್ಳಿಬಣ್ಣದ ಲೇಪವಿರುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಎರಡು ಗಾಜುಗಳ ನಡುವಿನ ನಿರ್ವಾತ ಹೋಗಿದೆ, ಆ ಕೊಳವೆ ಬದಲಾಯಿಸಿದರೆ ಸಾಕು.

ಗ್ಯಾಸ್ ಗೀಸರಿನ ವಿಷಯದಲ್ಲಿ ರಿಪೇರಿಗಿಂತ ಮೊದಲು ಜಾಗದ ಪ್ರಶ್ನೆ. ಮುಚ್ಚಿದ ಸ್ನಾನದ ಮನೆಯೊಳಗೆ ಅದು ಇರಲೇಕೂಡದು. ಗಾಳಿ ಸಾಲದೆ ಅರೆಬರೆ ಉರಿದ ಗ್ಯಾಸು ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಗ್ಯಾಸಿಗೆ ಬೆರೆಸಿದ ವಾಸನೆ ಸೋರಿಕೆಯನ್ನು ತಿಳಿಸುತ್ತದೆಯೇ ಹೊರತು ಈ ವಿಷವನ್ನಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಲದಿಂದ ಇದು ಅಂಟಿಕೊಳ್ಳುತ್ತದೆ. ತಲೆನೋವು, ವಾಂತಿ, ಕೈಕಾಲು ಸೋಲುವುದು, ಆಮೇಲೆ ಚಿಲಕ ತೆಗೆಯಲೂ ಶಕ್ತಿಯಿರುವುದಿಲ್ಲ. ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಓದುವ ಬಚ್ಚಲುಮನೆಯ ಸಾವುಗಳ ಹಿಂದೆ ಎಷ್ಟೋ ಸಲ ಇರುವುದು ಇದೇ. ಗೀಸರ್ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ. ಜ್ವಾಲೆ ನೀಲಿ ಬಿಟ್ಟು ಹಳದಿಯಾದರೆ ಅವತ್ತೇ ಆರಿಸಿ ಬರ್ನರ್ ತೊಳೆಸಿ.

ರಿಪೇರಿಯೋ, ಹೊಸದೋ?

ಗೀಸರ್ ಕೆಳಗೆ ನೆಲ ಒದ್ದೆಯಾದ ತಕ್ಷಣ ಅಂಗಡಿಗೆ ಓಡಬೇಡಿ. ಎಲ್ಲಿಂದ ಸೋರುತ್ತಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸ್ವಿಚ್ ಆರಿಸಿ, ಪ್ಲಗ್ ತೆಗೆದು, ಮೇಲೆಲ್ಲ ಒಣಬಟ್ಟೆಯಿಂದ ಒರೆಸಿ. ಎರಡು ಪೈಪಿನ ಜೋಡಣೆಗೂ ವಾಲ್ವಿಗೂ ಒಂದೊಂದು ತುಂಡು ನ್ಯೂಸ್‌ಪೇಪರ್ ಸುತ್ತಿ ರಾತ್ರಿ ಬಿಡಿ. ಬೆಳಿಗ್ಗೆ ಪೈಪಿಗೆ ಸುತ್ತಿದ ಪೇಪರ್ ಒದ್ದೆಯಾಗಿದ್ದರೆ ವಾಷರ್ರೋ ಪೈಪೋ ಬದಲಾಯಿಸಿದರೆ ಮುಗಿಯಿತು. ಎಲಿಮೆಂಟಿನ ತಟ್ಟೆಯ ಸುತ್ತ ಒಸರಿದರೆ ಗ್ಯಾಸ್ಕೆಟ್. ಪೇಪರೆಲ್ಲ ಒಣಗಿಯೇ ಇದ್ದು, ಹೊರಕವಚದ ಸಂದಿಯಿಂದ ತುಕ್ಕುನೀರು ಒಸರುತ್ತಿದ್ದರೆ ಒಳಟ್ಯಾಂಕು ತೂತಾಗಿದೆ. ಅದಕ್ಕೆ ವೆಲ್ಡಿಂಗಿಲ್ಲ, ಮದ್ದಿಲ್ಲ. ಬಿಸಿ ನಲ್ಲಿಯಲ್ಲಿ ಮಾತ್ರ ಕೆಂಪು ನೀರು ಬರುತ್ತಿದ್ದರೆ ಅದು ಟ್ಯಾಂಕು ತೂತಾಗುವ ದಿನದ ಮುನ್ಸೂಚನೆ.

ಉಳಿದದ್ದು ವಯಸ್ಸಿನ ಲೆಕ್ಕ. ಟ್ಯಾಂಕಿನ ಗ್ಯಾರಂಟಿ ಸಾಮಾನ್ಯವಾಗಿ ಐದರಿಂದ ಏಳು ವರ್ಷ. ನೋಡಿಕೊಂಡರೆ ಹತ್ತು ವರ್ಷ ದಾಟಿಸಬಹುದು. ಐದು ವರ್ಷದೊಳಗಿನ ಗೀಸರಿನ ಎಲಿಮೆಂಟ್, ಥರ್ಮೋಸ್ಟ್ಯಾಟ್ ಹೋದರೆ ಧಾರಾಳವಾಗಿ ರಿಪೇರಿ ಮಾಡಿಸಿ. ಎಂಟು ವರ್ಷ ದಾಟಿದ್ದಕ್ಕೆ ಹೊಸದರ ಅರ್ಧ ಬೆಲೆಯಷ್ಟು ಖರ್ಚು ಹೇಳಿದರೆ ಕೈಬಿಡಿ. ಎಲಿಮೆಂಟ್ ಬದಲಾಯಿಸಿದ ಮೇಲೂ ಇಎಲ್‌ಸಿಬಿ ಬೀಳುತ್ತಿದ್ದರೆ, ಒಂದೇ ವರ್ಷದಲ್ಲಿ ಎರಡು ಸಲ ಎಲಿಮೆಂಟ್ ಸುಟ್ಟರೆ, ಬಿಡಿಭಾಗವೇ ಸಿಗದಂತಾದರೆ ಇನ್ನು ಮಮತೆ ಬೇಡ.

ಹೊಸದು ಕೊಳ್ಳುವಾಗ ಗಾತ್ರವನ್ನು ಬಕೆಟ್ಟಿನಲ್ಲೇ ಅಳೆಯಿರಿ. ಸ್ನಾನಕ್ಕೆ ಬೇಕಾದ್ದು 40 ಡಿಗ್ರಿಯ ನೀರು. 60 ಡಿಗ್ರಿಯ 25 ಲೀಟರಿಗೆ ತಣ್ಣೀರು ಬೆರೆಸಿದರೆ ಸುಮಾರು 58 ಲೀಟರ್ ಆಗುತ್ತದೆ, ಅಂದರೆ 20 ಲೀಟರಿನ ಮೂರು ಬಕೆಟ್ಟಿಗೆ ಕೊಂಚ ಕಡಿಮೆ. 15 ಲೀಟರಿನದಾದರೆ ಒಂದು ಮುಕ್ಕಾಲು ಬಕೆಟ್. ಬಕೆಟ್ ಸ್ನಾನದ ಇಬ್ಬರಿಗೆ ಅಷ್ಟು ಸಾಕು, ಶವರಿನವರಿಗೆ ಸಾಲದು. ನಕ್ಷತ್ರದ ಲೇಬಲ್ ಹೇಳುವುದು ಎಷ್ಟು ಬೇಗ ಕಾಯಿಸುತ್ತದೆ ಎಂಬುದನ್ನಲ್ಲ, ಕಾಯಿಸಿದ ನೀರು ಸುಮ್ಮನೆ ನಿಂತಾಗ ಎಷ್ಟು ಬಿಸಿ ಕಳೆದುಕೊಳ್ಳುತ್ತದೆ ಎಂಬುದನ್ನು. ಬೆಳಿಗ್ಗೆ ಕಾಯಿಸಿ ಆಗಲೇ ಖಾಲಿ ಮಾಡುವ ಮನೆಗಿಂತ, ದಿನವಿಡೀ ಬಿಸಿನೀರು ಬೇಕಾದ ಮನೆಗೆ ಐದು ನಕ್ಷತ್ರದ ಲಾಭ ಹೆಚ್ಚು. ಎತ್ತರದ ಅಪಾರ್ಟ್‌ಮೆಂಟು, ಪ್ರೆಶರ್ ಪಂಪಿನ ಮನೆಯವರು 8 ಬಾರ್ ಒತ್ತಡ ತಾಳುವುದನ್ನೇ ಕೇಳಿ. ಐಎಸ್‌ಐ ಗುರುತಿಲ್ಲದ್ದನ್ನು ಮನೆಗೆ ತರಬೇಡಿ.

ವರ್ಷಕ್ಕೊಂದು ದಿನ

ಹಾಗಾದರೆ ಆ ಒಂದು ದಿನದ ಸರ್ವೀಸಿನಲ್ಲಿ ಏನೇನಾಗಬೇಕು? ಕರೆಂಟು ತೆಗೆದು, ಟ್ಯಾಂಕಿನ ನೀರು ತಣ್ಣಗಾದ ಮೇಲೆ ಪೂರ್ತಿ ಇಳಿಸಬೇಕು. ಎಲಿಮೆಂಟ್ ಬಿಚ್ಚಿ ಸುಣ್ಣ ಉದುರಿಸಿ, ಉಳಿದದ್ದನ್ನು ಸಿಟ್ರಿಕ್ ಆಮ್ಲದ ನೀರಿನಲ್ಲಿ ನೆನೆಹಾಕಬೇಕು. ಬುಸ್ಸನೆ ನೊರೆಯೆದ್ದು ಸುಣ್ಣ ಕರಗುತ್ತದೆ. ಅಜ್ಜಿಯ ಹುಣಸೆಹಣ್ಣೂ ನಿಂಬೆಯ ಈ ಹುಳಿಯೂ ಒಂದೇ ಕುಲದವು. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಹಾಕಗೊಡಬೇಡಿ, ಅದು ಸುಣ್ಣದ ಜೊತೆ ಎಲಿಮೆಂಟಿನ ಚರ್ಮವನ್ನೂ ತಿನ್ನುತ್ತದೆ. ರಾಡು ನೋಡಿ, ಹೊಸ ಗ್ಯಾಸ್ಕೆಟ್ ಹಾಕಿಸಿ, ಕಟೌಟ್, ವಾಲ್ವ್, ಪ್ಲಗ್ ಪರೀಕ್ಷಿಸಬೇಕು. ಇದನ್ನೆಲ್ಲ ತಿಳಿದವರ ಕೈಯಲ್ಲೇ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ. ಬಿಚ್ಚಿದ ರಾಡನ್ನು ತೋರಿಸದೆ ‘ಸರ್ವೀಸ್ ಆಯ್ತು’ ಎಂದರೆ ಆಗಿಲ್ಲ ಎಂದೇ ತಿಳಿಯಿರಿ. ಕೊನೆಯದಾಗಿ, ಟ್ಯಾಂಕು ತುಂಬಿ ಬಿಸಿ ನಲ್ಲಿಯಲ್ಲಿ ಗಾಳಿಯ ಪುಸುಪುಸು ನಿಂತು ನೀರು ಒಂದೇ ಸಮನೆ ಬರುವವರೆಗೆ ಸ್ವಿಚ್ ಮುಟ್ಟಬೇಡಿ. ನೀರಿಲ್ಲದೆ ಉರಿದ ಎಲಿಮೆಂಟ್ ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ಹಂಡೆಯ ಕಾಲದಲ್ಲೂ ನಿಯಮ ಇದೇ ಆಗಿತ್ತು: ಮೊದಲು ನೀರು, ಆಮೇಲೆ ಬೆಂಕಿ.

ನಮ್ಮ ಒಂಬತ್ತು ವರ್ಷದ ಗೀಸರ್ ಉಳಿಯಲಿಲ್ಲ. ಸುಣ್ಣ ತೆಗೆದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಟ್ಯಾಂಕಿನ ತಳದ ಬೆಸುಗೆಯುದ್ದಕ್ಕೂ ತುಕ್ಕಿನ ಗೆರೆ. ಗುಜರಿಗೆ ಹೋಯಿತು. ಮೂರನೆಯ ವರ್ಷಕ್ಕೊಂದು, ಆರನೆಯ ವರ್ಷಕ್ಕೊಂದು ರಾಡು ಹಾಕಿಸಿದ್ದರೆ ಈಗಲೂ ಇರುತ್ತಿತ್ತೇನೋ.

ಹೊಸ ಗೀಸರಿನ ಹೊಟ್ಟೆಯ ಮೇಲೆ, ನಿಂತರೆ ಕಣ್ಣಿಗೆ ಬೀಳುವ ಎತ್ತರದಲ್ಲಿ, ಮಾರ್ಕರ್ ಪೆನ್ನಿನಿಂದ ಎರಡು ಸಾಲು ಬರೆದಿದ್ದೇನೆ. ಮೊದಲ ಸಾಲಿನಲ್ಲಿ ಹಾಕಿದ ತಾರೀಕು. ಎರಡನೆಯದರಲ್ಲಿ ‘ರಾಡು: ನೀರು ತುಂಬುವ ಹಬ್ಬ’ ಎಂದು. ಬಿಳಿ ಬಣ್ಣದ ಹೊಸ ಸಾಮಾನಿನ ಮೇಲೆ ಗೀಚಿದ್ದೇಕೆ ಎಂದು ಮನೆಯಲ್ಲಿ ಬೈಸಿಕೊಂಡೆ. ಅಜ್ಜಿಯಾಗಿದ್ದರೆ ಬೈಯುತ್ತಿರಲಿಲ್ಲ. ಅವಳೂ ಹಂಡೆಯ ಹೊಟ್ಟೆಯ ಮೇಲೆ ವರ್ಷಕ್ಕೊಮ್ಮೆ ಗೆರೆ ಎಳೆಯುತ್ತಿದ್ದವಳೇ. ವ್ಯತ್ಯಾಸ ಇಷ್ಟೇ, ಅವಳು ಒಳಗಿನ ಸುಣ್ಣ ಕೆರೆಸಿದ ಮೇಲೆ ಹೊರಗೆ ಸುಣ್ಣ ಬಳಿಯುತ್ತಿದ್ದಳು.